ಬಾಟಲಿಗೆ 15,900 ರೂಪಾಯಿ: ಎಸ್‌ಎಂಎ ಇರುವ ಮಕ್ಕಳ ಮನೆಗಳಲ್ಲಿ ಏನು ಬದಲಾಗುತ್ತದೆ?

2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ವಿಟ್ಜರ್ಲೆಂಡಿನ ಔಷಧ ಕಂಪನಿ ರೋಶ್ ಸಲ್ಲಿಸಿದ್ದ ಅರ್ಜಿಯೊಂದನ್ನು ತಳ್ಳಿಹಾಕಿತು. ವಾಣಿಜ್ಯ ಪುಟದ ಮೂಲೆಯಲ್ಲಿ ನಾಲ್ಕು ಸಾಲಿಗೆ ಮುಗಿದುಹೋಗಬಹುದಾದ ಸುದ್ದಿ ಅದು. ಆದರೆ ದೇಶದ ಸಾವಿರಾರು ಮನೆಗಳು ಆ ದಿನಕ್ಕಾಗಿ ಉಸಿರು ಬಿಗಿಹಿಡಿದು ಕಾದಿದ್ದವು. ರೋಶ್ ಮಾರುವ ರಿಸ್ಡಿಪ್ಲಾಮ್ ಎಂಬ ಔಷಧದ ಒಂದು ಬಾಟಲಿಗೆ ಅಲ್ಲಿಯವರೆಗೆ ಸುಮಾರು 6 ಲಕ್ಷ ರೂಪಾಯಿ ಇತ್ತು. ಹೈದರಾಬಾದಿನ ನ್ಯಾಟ್ಕೋ ಫಾರ್ಮಾ ಅದೇ ಔಷಧವನ್ನು ತಯಾರಿಸಿ 15,900 ರೂಪಾಯಿಗೆ ಮಾರುಕಟ್ಟೆಗೆ ತರಲು ಈ ತೀರ್ಮಾನ ದಾರಿ ಬಿಟ್ಟುಕೊಟ್ಟಿತು.

ಈ ಔಷಧ ಬೇಕಾಗುವುದು ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಅಂದರೆ ಎಸ್‌ಎಂಎ ಎಂಬ ಕಾಯಿಲೆ ಇರುವವರಿಗೆ. '16 ಕೋಟಿ ರೂಪಾಯಿಯ ಚುಚ್ಚುಮದ್ದಿಗೆ ನೆರವಾಗಿ' ಎಂಬ ಮನವಿಯೊಂದಿಗೆ ಮೊಬೈಲಿಗೆ ಬರುವ ಪುಟ್ಟ ಮಕ್ಕಳ ಫೋಟೋಗಳು ಹಲವರಿಗೆ ನೆನಪಿರಬಹುದು. ಆ ಮಕ್ಕಳ ಕಾಯಿಲೆ ಇದೇ. ಅದು ಏನು, ಮಗುವಿಗೆ ಹೇಗೆ ಬರುತ್ತದೆ, ಔಷಧದಿಂದ ಏನಾಗುತ್ತದೆ, ಏನಾಗುವುದಿಲ್ಲ, ಅಂಥ ಮಗುವನ್ನು ಬೆಳೆಸುವ ಮನೆ ಯಾವುದರ ಮೇಲೆ ಭರವಸೆ ಇಡಬಹುದು ಎಂಬುದನ್ನು ಬುಡದಿಂದ ನೋಡೋಣ.

## ಅಪರೂಪ ಎಂದರೆ ಎಷ್ಟು?

ಅಮೆರಿಕದಲ್ಲಿ 2 ಲಕ್ಷಕ್ಕಿಂತ ಕಡಿಮೆ ಜನರಿಗೆ ಇರುವ ಕಾಯಿಲೆಯನ್ನು ಅಪರೂಪದ್ದು ಎನ್ನುತ್ತಾರೆ. ಯುರೋಪ್ ಒಕ್ಕೂಟದಲ್ಲಿ 2,000 ಜನರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇರಬಾರದು. ಭಾರತ ಇಂಥ ಸಂಖ್ಯೆಯನ್ನು ಗೊತ್ತುಮಾಡಿಲ್ಲ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ ಕಾಯಿಲೆಗಳ ಪಟ್ಟಿಯನ್ನಷ್ಟೇ ಇಟ್ಟುಕೊಂಡಿದೆ, ಅದರಲ್ಲಿ ಎಸ್‌ಎಂಎ ಇದೆ. ಜಗತ್ತಿನಲ್ಲಿ ಇಂಥ ಸುಮಾರು 7,000 ಕಾಯಿಲೆಗಳಿವೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಅವುಗಳಲ್ಲಿ ಹೆಚ್ಚಿನವು ಹುಟ್ಟಿನಿಂದಲೇ ಜೀನ್‌ಗಳಲ್ಲಿರುವ ದೋಷದಿಂದ ಬರುವಂಥವು. ನಿಶ್ಚಿತ ಚಿಕಿತ್ಸೆ ಇರುವುದು ನೂರಕ್ಕೆ ಐದಕ್ಕೂ ಕಡಿಮೆ ಕಾಯಿಲೆಗಳಿಗೆ.

ಎಸ್‌ಎಂಎ ಸುಮಾರು 10,000 ಜನನಗಳಿಗೆ ಒಂದರಂತೆ ಕಾಣಿಸಿಕೊಳ್ಳುತ್ತದೆ. ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು ಮಕ್ಕಳು ಹುಟ್ಟುವ ನಮ್ಮ ದೇಶಕ್ಕೂ ಇದೇ ಪ್ರಮಾಣವನ್ನು ಅನ್ವಯಿಸಿದರೆ ಪ್ರತಿ ವರ್ಷ 2,000ಕ್ಕಿಂತ ಹೆಚ್ಚು ಮಕ್ಕಳು. ಒಂದು ಊರಿಗೆ ಇದು ಅಪರೂಪ, ದೇಶಕ್ಕೆ ಅಲ್ಲ. ತಾಲ್ಲೂಕಿನ ವೈದ್ಯರು ತಮ್ಮ ಇಡೀ ವೃತ್ತಿಜೀವನದಲ್ಲಿ ಇಂಥ ಒಂದೆರಡು ಮಕ್ಕಳನ್ನಷ್ಟೇ ನೋಡಿರಬಹುದು. ಅದಕ್ಕೇ ಕಾಯಿಲೆ ಗೊತ್ತಾಗುವುದು ತಡವಾಗುತ್ತದೆ. ಈ ಕಾಯಿಲೆಯಲ್ಲಿ ತಡವಾದದ್ದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಯಾಕೆಂಬುದು ಮುಂದೆ ತಿಳಿಯುತ್ತದೆ.

## ದೇಹದೊಳಗೆ ಆಗುವುದೇನು?

ಕೈ ಎತ್ತಬೇಕು ಎಂದು ಮೆದುಳು ಬಯಸಿದರೆ ಆ ಆದೇಶ ಬೆನ್ನುಹುರಿಗೆ ಇಳಿದು, ಅಲ್ಲಿರುವ ಚಲನಾ ನರಕೋಶಗಳ ಮೂಲಕ ಸ್ನಾಯುವಿಗೆ ತಲುಪುತ್ತದೆ. ಈ ನರಕೋಶಗಳು ಬದುಕಿರಲು ಎಸ್‌ಎಂಎನ್ ಎಂಬ ಪ್ರೋಟೀನ್ ಬೇಕು. ಅದನ್ನು ತಯಾರಿಸುವ ಸೂಚನೆ ಇರುವುದು ನಮ್ಮ ಐದನೆಯ ವರ್ಣತಂತುವಿನ ಎಸ್‌ಎಂಎನ್1 ಎಂಬ ಜೀನ್‌ನಲ್ಲಿ. ಪ್ಯಾರಿಸ್‌ನ ವಿಜ್ಞಾನಿಗಳ ತಂಡ 1995ರಲ್ಲಿ ಇದನ್ನು ಗುರುತಿಸಿತು. ಕಾಯಿಲೆಯನ್ನು ವೈದ್ಯರು ಮೊದಲು ವರ್ಣಿಸಿದ್ದು ಅದಕ್ಕೂ ನೂರು ವರ್ಷ ಹಿಂದೆ, 1890ರ ದಶಕದಲ್ಲಿ.

ಎಸ್‌ಎಂಎ ಇರುವ ಮಗುವಿನಲ್ಲಿ ಎಸ್‌ಎಂಎನ್1 ಜೀನ್‌ನ ಎರಡೂ ಪ್ರತಿಗಳು ಕೆಟ್ಟಿರುತ್ತವೆ. ಬಹುಪಾಲು ಮಕ್ಕಳಲ್ಲಿ ಅದರ ಒಂದು ಭಾಗವೇ ಕಳೆದುಹೋಗಿರುತ್ತದೆ. ಪ್ರೋಟೀನ್ ಸಾಲದೆ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಆದೇಶ ಬಾರದ ಸ್ನಾಯು ಸೊರಗುತ್ತದೆ.

ಹಾಗಿದ್ದರೆ ಎಲ್ಲ ಮಕ್ಕಳಿಗೂ ಕಾಯಿಲೆ ಒಂದೇ ತೀವ್ರತೆಯಲ್ಲಿ ಯಾಕೆ ಬರುವುದಿಲ್ಲ? ಮನುಷ್ಯರಲ್ಲಿ ಎಸ್‌ಎಂಎನ್2 ಎಂಬ ಇನ್ನೊಂದು ಜೀನ್ ಕೂಡ ಇದೆ. ಅದು ಎಸ್‌ಎಂಎನ್1ರ ಹೆಚ್ಚುಕಡಿಮೆ ತದ್ರೂಪು. ಒಂದೇ ಒಂದು ಅಕ್ಷರದ ವ್ಯತ್ಯಾಸದಿಂದಾಗಿ ಅದು ತಯಾರಿಸುವ ಪ್ರೋಟೀನಿನಲ್ಲಿ ಸುಮಾರು ಹತ್ತನೆಯ ಒಂದು ಭಾಗ ಮಾತ್ರ ಪೂರ್ಣವಾಗಿರುತ್ತದೆ, ಉಳಿದದ್ದು ಅರೆಬರೆಯಾಗಿ ಬೇಗ ಕರಗಿಹೋಗುತ್ತದೆ. ಮನೆಯ ವಿದ್ಯುತ್ ಸಂಪರ್ಕ ಮತ್ತು ಯುಪಿಎಸ್ ಎಂದು ಇವೆರಡನ್ನೂ ಕಲ್ಪಿಸಿಕೊಳ್ಳಿ. ಎಸ್‌ಎಂಎನ್1 ಎಂದರೆ ಕಂಬದಿಂದ ಬರುವ ಲೈನ್. ಎಸ್‌ಎಂಎನ್2 ಎಂದರೆ ಯುಪಿಎಸ್. ಲೈನ್ ಇರುವ ಮನೆಯಲ್ಲಿ ಯುಪಿಎಸ್ ಎಷ್ಟು ದುರ್ಬಲವಾಗಿದೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಲೈನೇ ಇಲ್ಲದ ಮನೆ ನಡೆಯುವುದು ಅದೊಂದರಿಂದ. ಅದರಲ್ಲಿ ಬ್ಯಾಟರಿ ಎಷ್ಟಿದೆ ಎಂಬುದರ ಮೇಲೆ ಎಷ್ಟು ದೀಪ ಉರಿಯುತ್ತದೆ ಎಂಬುದು ನಿಂತಿದೆ. ಒಬ್ಬೊಬ್ಬರಲ್ಲಿ ಎಸ್‌ಎಂಎನ್2ರ ಪ್ರತಿಗಳು ಎರಡೋ ಮೂರೋ ನಾಲ್ಕೋ ಇರುತ್ತವೆ. ಸಾಮಾನ್ಯವಾಗಿ ಪ್ರತಿಗಳು ಹೆಚ್ಚಾದಷ್ಟೂ ಕಾಯಿಲೆ ಸೌಮ್ಯ.

## ಮನೆಯವರ ಕಣ್ಣಿಗೆ ಮೊದಲು ಬೀಳುವುದು

ಹಲವು ಮನೆಗಳಲ್ಲಿ ಮೊದಲ ಅನುಮಾನ ಬರುವುದು ಎಣ್ಣೆ ನೀರು ಹಾಕುವ ಅಜ್ಜಿಗೆ. ಮಗು ಕೈಯಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ ಎನ್ನುತ್ತಾರೆ. ಮಕ್ಕಳ ನರರೋಗ ತಜ್ಞರು ಪರೀಕ್ಷಿಸುವುದೂ ಇದನ್ನೇ: ಕಂಕುಳ ಕೆಳಗೆ ಹಿಡಿದು ಎತ್ತಿದರೆ ಭುಜ ಬಿಗಿಯಾಗದೆ ಮಗು ಕೈಗಳ ನಡುವಿನಿಂದ ಜಾರುತ್ತದೆಯೇ ಎಂದು. ಕತ್ತು ನಿಲ್ಲದಿರುವುದು, ಕಪ್ಪೆಯ ಹಾಗೆ ಕಾಲು ಅಗಲಿಸಿ ಮಲಗಿರುವುದು, ಅಳುವಿನ ದನಿ ಕ್ಷೀಣವಾಗುವುದು, ಹಾಲು ಕುಡಿಯುವಾಗ ಬೇಗ ದಣಿಯುವುದು, ಉಸಿರೆಳೆದಾಗ ಎದೆ ಒಳಗೆ ಹೋಗಿ ಹೊಟ್ಟೆ ಮಾತ್ರ ಉಬ್ಬುವುದು, ನಾಲಿಗೆಯ ಮೇಲೆ ಸಣ್ಣ ಅದುರು. ಇವು ಮುಖ್ಯ ಲಕ್ಷಣಗಳು. ಆದರೆ ಮುಖ ಮಾತ್ರ ಬೆಳಗುತ್ತಿರುತ್ತದೆ. ಕಣ್ಣು ಎಲ್ಲರನ್ನೂ ಹಿಂಬಾಲಿಸುತ್ತದೆ, ನಗು ಸಮಯಕ್ಕೆ ಸರಿಯಾಗಿ ಬರುತ್ತದೆ. ಈ ಕಾಯಿಲೆ ಬುದ್ಧಿಯನ್ನು ಮುಟ್ಟುವುದಿಲ್ಲ. ಮಗು ಇಷ್ಟು ಚುರುಕಾಗಿದೆಯಲ್ಲ, ಕೆಲವು ಮಕ್ಕಳು ಸ್ವಲ್ಪ ತಡ ಎಂದು ಸುತ್ತಲಿನವರು ಸಮಾಧಾನ ಹೇಳುವುದು ಇದರಿಂದಲೇ. ಆ ಸಮಾಧಾನದಲ್ಲಿ ತಿಂಗಳುಗಳು ಕಳೆದುಹೋಗುತ್ತವೆ.

ಲಕ್ಷಣ ಕಾಣುವ ವಯಸ್ಸು ಮತ್ತು ಮಗು ಮುಟ್ಟುವ ಹಂತವನ್ನು ನೋಡಿ ವೈದ್ಯರು ವಿಧಗಳನ್ನು ಹೇಳುತ್ತಾರೆ. ಆರು ತಿಂಗಳೊಳಗೆ ಶುರುವಾಗಿ, ಮಗು ತಾನಾಗಿ ಕೂರಲಾಗದಿದ್ದರೆ ಮೊದಲ ವಿಧ. ಅರ್ಧಕ್ಕಿಂತ ಹೆಚ್ಚು ಮಕ್ಕಳದು ಇದೇ. ಚಿಕಿತ್ಸೆ ಇಲ್ಲದಿದ್ದರೆ ಇವರಲ್ಲಿ ಹೆಚ್ಚಿನವರು ಉಸಿರಾಟದ ಯಂತ್ರದ ನೆರವಿಲ್ಲದೆ ಎರಡು ವರ್ಷ ದಾಟುವುದಿಲ್ಲ. ಆರರಿಂದ ಹದಿನೆಂಟು ತಿಂಗಳ ನಡುವೆ ಕಾಣಿಸಿಕೊಂಡು, ಕೂರಬಲ್ಲ ಆದರೆ ನಡೆಯಲಾಗದ ಮಕ್ಕಳದು ಎರಡನೆಯದು. ಹದಿನೆಂಟು ತಿಂಗಳ ನಂತರ, ನಡೆಯಲು ಕಲಿತ ಮೇಲೆ ಬರುವುದು ಮೂರನೆಯದು. ದೊಡ್ಡವರಾದ ಮೇಲೆ ಬರುವ ನಾಲ್ಕನೆಯ ವಿಧವೂ ಇದೆ. ಈ ವಿಂಗಡಣೆ ಔಷಧಗಳಿಲ್ಲದ ಕಾಲದ್ದು. ಬೇಗ ಚಿಕಿತ್ಸೆ ಪಡೆದ ಮಕ್ಕಳು ಇಂದು ಈ ಗೆರೆಗಳನ್ನು ದಾಟುತ್ತಿದ್ದಾರೆ.

ಖಚಿತಪಡಿಸಿಕೊಳ್ಳಲು ಒಂದು ರಕ್ತದ ಮಾದರಿ ಸಾಕು. ಎಂಎಲ್‌ಪಿಎ ಎಂಬ ಪರೀಕ್ಷೆ ಎಸ್‌ಎಂಎನ್1 ಇದೆಯೇ, ಎಸ್‌ಎಂಎನ್2ರ ಪ್ರತಿ ಎಷ್ಟು ಎಂಬುದನ್ನು ಹೇಳುತ್ತದೆ. ಸ್ನಾಯುವಿನ ತುಣುಕು ತೆಗೆದು ನೋಡುವ ಹಳೆಯ ವಿಧಾನ ಈಗ ಸಾಮಾನ್ಯವಾಗಿ ಬೇಕಿಲ್ಲ.

## ಯಾರ ಕಡೆಯಿಂದ ಬಂತು?

ವರದಿ ಕೈಗೆ ಬಂದ ಕೂಡಲೇ ಎಷ್ಟೋ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಇದು. ಅದು ಹೆಚ್ಚಾಗಿ ಬೊಟ್ಟು ಮಾಡುವುದು ತಾಯಿಯ ಕಡೆಗೆ: ಬಸುರಿಯಲ್ಲಿ ಏನು ತಿಂದಳು, ಗ್ರಹಣದ ದಿನ ಹೊರಗೆ ಹೋದಳೇ, ಅವಳ ತವರಿನಲ್ಲಿ ಯಾರಿಗಾದರೂ ಇತ್ತೇ. ಉತ್ತರ ಸ್ಪಷ್ಟವಾಗಿದೆ. ಸಾಮಾನ್ಯವಾಗಿ ತಂದೆಯಿಂದ ಒಂದು, ತಾಯಿಯಿಂದ ಒಂದು ಕೆಟ್ಟ ಪ್ರತಿ ಸೇರಿದಾಗ ಮಾತ್ರ ಮಗುವಿಗೆ ಕಾಯಿಲೆ ಬರುತ್ತದೆ. ಇಬ್ಬರದೂ ಸಮಪಾಲು, ಇಬ್ಬರದೂ ತಪ್ಪಲ್ಲ. ಬಸುರಿಯಲ್ಲಿ ತಿಂದ, ಕುಡಿದ, ನಡೆದ ಯಾವುದಕ್ಕೂ ಇದರೊಂದಿಗೆ ಸಂಬಂಧವಿಲ್ಲ.

ಒಂದು ಪ್ರತಿ ಸರಿಯಿದ್ದು ಇನ್ನೊಂದು ಕೆಟ್ಟಿರುವವರನ್ನು ವಾಹಕರು ಎನ್ನುತ್ತಾರೆ. ಅವರಿಗೆ ಯಾವ ತೊಂದರೆಯೂ ಇರುವುದಿಲ್ಲ, ಪರೀಕ್ಷೆ ಮಾಡಿಸದೆ ತಿಳಿಯುವುದೂ ಇಲ್ಲ. ಸುಮಾರು 40ರಿಂದ 60 ಜನರಲ್ಲಿ ಒಬ್ಬರು ವಾಹಕರು. ತುಂಬಿದ ಒಂದು ಬಸ್ಸಿನಲ್ಲಿ ಒಬ್ಬರಾದರೂ ಇರಬಹುದು. ಇಬ್ಬರು ವಾಹಕರು ದಂಪತಿಗಳಾದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದಿದೆ, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ ಎಂಬ ಲೆಕ್ಕ ತಪ್ಪು. ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇನ್ನೂ ಇದೆ. ರಕ್ತಸಂಬಂಧಿಗಳಲ್ಲಿ ಒಂದೇ ಪೂರ್ವಜರಿಂದ ಬಂದ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು, ಆದ್ದರಿಂದ ಇಂಥ ಕಾಯಿಲೆಗಳ ಅಪಾಯವೂ ಹೆಚ್ಚು. ಹಾಗೆಂದು ಸಂಬಂಧವೇ ಇಲ್ಲದ, ಬೇರೆ ಜಾತಿ ಬೇರೆ ರಾಜ್ಯದ ದಂಪತಿಗಳಿಗೆ ಎಸ್‌ಎಂಎ ಬಾರದು ಎಂದಲ್ಲ. ವಾಹಕರು ಇಷ್ಟು ಸಾಮಾನ್ಯವಾಗಿರುವಾಗ ಅದು ಎಲ್ಲಿ ಬೇಕಾದರೂ ಬರುತ್ತದೆ.

## ಮೂರು ಔಷಧಗಳು, ಮೂರು ದಾರಿಗಳು

2016ರ ಡಿಸೆಂಬರ್‌ವರೆಗೆ ಈ ಕಾಯಿಲೆಗೆ ಒಪ್ಪಿಗೆ ಪಡೆದ ಔಷಧ ಒಂದೂ ಇರಲಿಲ್ಲ. ಆಗ ಅಮೆರಿಕದಲ್ಲಿ ಮಂಜೂರಾದದ್ದು ನುಸಿನೆರ್ಸೆನ್. ಎಸ್‌ಎಂಎನ್2 ಜೀನ್‌ನಿಂದ ಪೂರ್ಣ ಪ್ರೋಟೀನ್ ಹೆಚ್ಚು ತಯಾರಾಗುವಂತೆ ಇದು ಮಾಡುತ್ತದೆ, ಅಂದರೆ ಯುಪಿಎಸ್‌ನ ಶಕ್ತಿ ಹೆಚ್ಚಿಸುತ್ತದೆ. ಇದನ್ನು ಸೊಂಟದ ಬಳಿ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸೂಜಿಯಿಂದ ಕೊಡಬೇಕು. ಮೊದಲು ಸುಮಾರು ಎರಡು ತಿಂಗಳಲ್ಲಿ ನಾಲ್ಕು ಸಲ, ಆಮೇಲೆ ನಾಲ್ಕು ತಿಂಗಳಿಗೊಮ್ಮೆ ಜೀವನಪರ್ಯಂತ.

2019ರ ಮೇ ತಿಂಗಳಲ್ಲಿ ಜೋಲ್ಜೆನ್ಸ್ಮಾ ಎಂಬ ಜೀನ್ ಚಿಕಿತ್ಸೆ ಬಂತು. ಸುದ್ದಿಯಲ್ಲಿ ಕೇಳಿದ '16 ಕೋಟಿ'ಯ ಚುಚ್ಚುಮದ್ದು ಇದೇ. ಅಮೆರಿಕದಲ್ಲಿ ಆಗ ಅದರ ಬೆಲೆ 21.25 ಲಕ್ಷ ಡಾಲರ್ ಇತ್ತು. ಕಾಯಿಲೆ ತರದ ಒಂದು ವೈರಸ್ಸಿನ ಹೊದಿಕೆಯೊಳಗೆ ಸರಿಯಾದ ಎಸ್‌ಎಂಎನ್ ಜೀನ್ ಇಟ್ಟು ಒಂದೇ ಸಲ ರಕ್ತನಾಳದ ಮೂಲಕ ಹರಿಸುತ್ತಾರೆ, ಕಡಿದುಹೋದ ಲೈನಿನ ಬದಲು ಹೊಸದನ್ನು ಎಳೆದ ಹಾಗೆ. ಅಲ್ಲಿ ಒಪ್ಪಿಗೆ ಸಿಕ್ಕಿದ್ದು ಎರಡು ವರ್ಷದೊಳಗಿನ ಮಕ್ಕಳಿಗೆ. ಈ ವೈರಸ್ಸಿಗೆ ಮಗುವಿನ ರಕ್ತದಲ್ಲಿ ಮೊದಲೇ ಪ್ರತಿಕಾಯಗಳಿದ್ದರೆ ಕೊಡಲಾಗುವುದಿಲ್ಲ. ಯಕೃತ್ತಿಗೆ ಗಂಭೀರ ಹಾನಿಯಾಗಬಹುದು. ಅದರಿಂದ ಸಾವುಗಳೂ ಸಂಭವಿಸಿವೆ. ಆದ್ದರಿಂದ ತಿಂಗಳುಗಟ್ಟಲೆ ಸ್ಟೆರಾಯ್ಡ್ ಮತ್ತು ರಕ್ತಪರೀಕ್ಷೆ ಅಗತ್ಯ.

ಮೂರನೆಯದು ರಿಸ್ಡಿಪ್ಲಾಮ್. ಅಮೆರಿಕದಲ್ಲಿ 2020ರ ಆಗಸ್ಟ್‌ನಲ್ಲಿ, ಭಾರತದಲ್ಲಿ 2021ರಲ್ಲಿ ಬಂತು. ಇದೂ ಎಸ್‌ಎಂಎನ್2ರ ಮೇಲೆಯೇ ಕೆಲಸ ಮಾಡುತ್ತದೆ, ಆದರೆ ಬಾಯಿಯಿಂದ ಕುಡಿಸುವ ದ್ರಾವಣ. ದಿನಕ್ಕೊಮ್ಮೆ, ಹೆಚ್ಚುಕಡಿಮೆ ಅದೇ ಹೊತ್ತಿಗೆ, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು ಕೊಡಬೇಕು. ಸಿದ್ಧಪಡಿಸಿದ ದ್ರಾವಣವನ್ನು ಫ್ರಿಜ್‌ನಲ್ಲಿ ಇಡಬೇಕು. ಬೆನ್ನು ತಿರುಚಿಕೊಂಡು ಸೂಜಿ ಹಾಕಲಾಗದ ಮಕ್ಕಳಿಗೆ, ಆಸ್ಪತ್ರೆಯಿಂದ ದೂರದ ಊರಿನವರಿಗೆ ಇದರ ಅನುಕೂಲ ಬಹಳ.

ಮೂರಕ್ಕೂ ಒಂದೇ ಮಿತಿ ಇದೆ, ಇಡೀ ವಿಷಯದ ತಿರುಳೂ ಅಲ್ಲಿಯೇ ಇದೆ: ಸತ್ತ ನರಕೋಶವನ್ನು ಯಾವುದೂ ಬದುಕಿಸುವುದಿಲ್ಲ. ಉಳಿದದ್ದನ್ನು ಕಾಯುತ್ತವೆ. ಲಕ್ಷಣ ಕಾಣುವ ಮೊದಲೇ ನುಸಿನೆರ್ಸೆನ್ ಆರಂಭಿಸಿದ 25 ಶಿಶುಗಳ ಅಧ್ಯಯನವೊಂದರಲ್ಲಿ ಎಲ್ಲ ಮಕ್ಕಳೂ ಬದುಕುಳಿದರು, ಎಲ್ಲರೂ ಕೂತರು, ಹೆಚ್ಚಿನವರು ತಾವಾಗಿ ನಡೆದರು. ಅದೇ ಔಷಧ ಒಂದು ವರ್ಷ ತಡವಾದರೆ ಫಲ ಬೇರೆ. ಅಮೆರಿಕ 2018ರಲ್ಲಿ ನವಜಾತ ಶಿಶುಗಳ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಮಾಡುವ ಪರೀಕ್ಷೆಗಳ ಶಿಫಾರಸು ಪಟ್ಟಿಗೆ ಎಸ್‌ಎಂಎಯನ್ನು ಸೇರಿಸಿದ್ದು ಇದಕ್ಕಾಗಿ. ನಮ್ಮಲ್ಲಿ ರಾಷ್ಟ್ರಮಟ್ಟದ ಅಂಥ ಕಾರ್ಯಕ್ರಮ ಇಲ್ಲ. ಔಷಧ ಅಗ್ಗವಾಗುತ್ತಿರುವಾಗ ಮುಂದಿನ ಹೆಜ್ಜೆ ಅದೇ ಆಗಬೇಕು ಎಂದು ನನಗೆ ತೋರುತ್ತದೆ.

ದೊಡ್ಡ ಮಗುವಿಗೆ ಔಷಧ ಶುರುವಾದಾಗ ಮನೆಯವರು ಏನನ್ನು ನಿರೀಕ್ಷಿಸಬೇಕು? ನಾಳೆ ಎದ್ದು ನಡೆಯುತ್ತಾನೆ ಎಂದಲ್ಲ. ಔಷಧವಿಲ್ಲದೆ ವರ್ಷ ವರ್ಷ ಕುಗ್ಗುತ್ತಿದ್ದ ಶಕ್ತಿ ಕುಗ್ಗದೆ ನಿಂತರೆ ಅದು ಫಲ. ಚಮಚ ಬಾಯಿಯವರೆಗೆ ಹೋಗುವುದು, ರಾತ್ರಿ ತಾನೇ ಮಗ್ಗುಲು ಬದಲಿಸುವುದು, ಪೆನ್ನು ಹಿಡಿದು ಒಂದು ಪುಟ ಬರೆಯುವುದು, ಮಳೆಗಾಲವೊಂದು ಆಸ್ಪತ್ರೆ ಸೇರದೆ ಕಳೆಯುವುದು. ಹೊರಗಿನವರಿಗೆ ಇವು ಕಾಣುವುದಿಲ್ಲ. ಮನೆಯವರಿಗೆ ಕಾಣುತ್ತವೆ, ತಜ್ಞರು ಆರು ತಿಂಗಳಿಗೊಮ್ಮೆ ಅಂಕಪಟ್ಟಿಯಲ್ಲಿ ಅಳೆಯುವುದೂ ಇಂಥವುಗಳನ್ನೇ.

## ದುಡ್ಡಿನ ಲೆಕ್ಕ

ರಿಸ್ಡಿಪ್ಲಾಮ್‌ನ ಒಂದು ಬಾಟಲಿಯಲ್ಲಿ 60 ಮಿಲಿಗ್ರಾಂ ಔಷಧ ಇರುತ್ತದೆ. 20 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಕದ ಮಗುವಿಗೆ ದಿನಕ್ಕೆ 5 ಮಿಲಿಗ್ರಾಂ, ಅಂದರೆ ಬಾಟಲಿ 12 ದಿನಕ್ಕೆ ಮುಗಿಯುತ್ತದೆ. ವರ್ಷಕ್ಕೆ ಸುಮಾರು 30 ಬಾಟಲಿ. ಹಳೆಯ ಬೆಲೆಯಲ್ಲಿ ಅದು ಸುಮಾರು 1 ಕೋಟಿ 80 ಲಕ್ಷ ರೂಪಾಯಿ. ಹೊಸ ಬೆಲೆಯಲ್ಲಿ 5 ಲಕ್ಷದ ಆಸುಪಾಸು. ಎರಡು ವರ್ಷ ದಾಟಿದ, 10 ಕಿಲೋ ತೂಗುವ ಮಗುವಿಗೆ ಅದರ ಅರ್ಧ ಸಾಕು.

5 ಲಕ್ಷ ಕೂಡ ಕಡಿಮೆ ಹಣವಲ್ಲ. ಆದರೆ ಇಲ್ಲಿ ಕೇಂದ್ರ ಸರ್ಕಾರದ ನೀತಿ ಸೇರಿಕೊಳ್ಳುತ್ತದೆ. 2021ರ ನೀತಿ ಕಾಯಿಲೆಗಳನ್ನು ಮೂರು ಗುಂಪು ಮಾಡಿ, ದುಬಾರಿ ಹಾಗೂ ಜೀವನಪರ್ಯಂತ ಚಿಕಿತ್ಸೆ ಬೇಕಾದವುಗಳನ್ನು ಮೂರನೆಯ ಗುಂಪಿಗೆ ಹಾಕಿತು. ಎಸ್‌ಎಂಎ ಅದರಲ್ಲಿದೆ. ಆರಂಭದಲ್ಲಿ ನೆರವು ಮೊದಲ ಗುಂಪಿಗೆ ಮಾತ್ರ, 20 ಲಕ್ಷದವರೆಗೆ ಇತ್ತು. 2022ರ ಮೇ ತಿಂಗಳಿನಿಂದ ಎಲ್ಲ ಗುಂಪುಗಳಿಗೂ ಒಬ್ಬ ರೋಗಿಗೆ 50 ಲಕ್ಷದವರೆಗೆ ಎಂದಾಯಿತು. ಹಳೆಯ ಬೆಲೆಯಲ್ಲಿ ಆ 50 ಲಕ್ಷ ನಾಲ್ಕು ತಿಂಗಳಿಗೂ ಸಾಲುತ್ತಿರಲಿಲ್ಲ, ಆಮೇಲೆ ಔಷಧ ನಿಲ್ಲುತ್ತಿತ್ತು. ಹೊಸ ಬೆಲೆಯಲ್ಲಿ ಅದೇ ಹಣ ಹತ್ತು ವರ್ಷ ಬರುತ್ತದೆ. ಈ ಒಂದು ಭಾಗಾಕಾರವೇ ಈ ಮನೆಗಳ ಚಿತ್ರವನ್ನು ಬದಲಿಸಿರುವುದು.

ನೆರವು ಸಿಗುವುದು ಗೊತ್ತುಪಡಿಸಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಜೊತೆಯಾಗಿ ಅಂಥ ಕೇಂದ್ರ. ಬೀದರ್, ಕಲಬುರಗಿಯವರಿಗೆ ಹೈದರಾಬಾದಿನ ನಿಮ್ಸ್, ಬೆಳಗಾವಿ ಕಡೆಯವರಿಗೆ ಮುಂಬೈನ ಕೆಇಎಂ ಆಸ್ಪತ್ರೆ ಹತ್ತಿರವಾಗಬಹುದು. ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ವೈಯಕ್ತಿಕ ಬಳಕೆಗೆಂದು ತರಿಸುವ ಔಷಧಗಳ ಆಮದು ಸುಂಕವನ್ನು 2023ರ ಏಪ್ರಿಲ್ 1ರಿಂದ ತೆಗೆದುಹಾಕಲಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿಯಿಂದ ಹೊರಗಾದ 33 ಜೀವರಕ್ಷಕ ಔಷಧಗಳಲ್ಲಿ ರಿಸ್ಡಿಪ್ಲಾಮ್ ಇದೆ, ಜೋಲ್ಜೆನ್ಸ್ಮಾ ಕೂಡ ಇದೆ.

ನ್ಯಾಯಾಲಯದ ವಿಷಯದಲ್ಲಿ ಒಂದು ಮಾತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಏಕಸದಸ್ಯ ಪೀಠದಲ್ಲಿ, ಅಕ್ಟೋಬರ್‌ನಲ್ಲಿ ವಿಭಾಗೀಯ ಪೀಠದಲ್ಲಿ ನ್ಯಾಟ್ಕೋಗೆ ತಡೆ ಕೊಡಲು ನಿರಾಕರಿಸಿತು. ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ಇದು ಮಧ್ಯಂತರ ಹಂತದ ತೀರ್ಮಾನ, ಪೇಟೆಂಟ್ ದಾವೆಯ ಅಂತಿಮ ತೀರ್ಪಲ್ಲ. ಇಲ್ಲಿಯವರೆಗೆ ಬರಲು ಎಸ್‌ಎಂಎ ಇರುವವರೂ ಅವರ ತಂದೆತಾಯಿಯರೂ ವರ್ಷಗಟ್ಟಲೆ ಅರ್ಜಿ, ಮನವಿ ಹಿಡಿದು ಓಡಾಡಿದ್ದಾರೆ ಎಂಬುದನ್ನು ಮರೆಯಬಾರದು.

## ಔಷಧಕ್ಕೆ ಮೊದಲೂ ಆಮೇಲೂ: ಮನೆಯ ಆರೈಕೆ

16 ಕೋಟಿಯ ಸುದ್ದಿ ಮರೆಮಾಡಿದ ಒಂದು ಸಂಗತಿ ಇದೆ. ಔಷಧಗಳು ಬರುವ ಮೊದಲೂ ಒಳ್ಳೆಯ ಆರೈಕೆ ಸಿಕ್ಕ ಮಕ್ಕಳು ಹೆಚ್ಚು ಕಾಲ, ಹೆಚ್ಚು ಸುಖವಾಗಿ ಬದುಕುತ್ತಿದ್ದರು. ಔಷಧ ಬಂದ ಮೇಲೂ ಆರೈಕೆ ಇಲ್ಲದಿದ್ದರೆ ಅದರ ಫಲ ಅರ್ಧವಾಗುತ್ತದೆ. ಮನೆಯವರ ಕೈಯಲ್ಲಿರುವ ಬಹುಪಾಲು ಇಲ್ಲಿಯೇ ಇದೆ.

ಮೊದಲು ಉಸಿರು. ಪಕ್ಕೆಲುಬುಗಳ ನಡುವಿನ ಸ್ನಾಯು ದುರ್ಬಲವಾದ ಮಗುವಿಗೆ ಜೋರಾಗಿ ಕೆಮ್ಮಲು ಆಗುವುದಿಲ್ಲ. ಬೇರೆ ಮಕ್ಕಳಿಗೆ ಮೂರು ದಿನದ ನೆಗಡಿ ಇವರಿಗೆ ನ್ಯುಮೋನಿಯಾ ಆಗಬಹುದು. ಎದೆಯ ಫಿಸಿಯೋಥೆರಪಿ, ಕಫ ಎಳೆಯುವ ಸಕ್ಷನ್ ಯಂತ್ರ, ಗಾಳಿ ಒತ್ತಿ ಹಿಂದಕ್ಕೆಳೆದು ಕೆಮ್ಮಿಸುವ ಯಂತ್ರ, ರಾತ್ರಿ ಮುಖವಾಡದ ಮೂಲಕ ಉಸಿರಿಗೆ ನೆರವಾಗುವ ಬೈಪ್ಯಾಪ್. ಇವನ್ನು ಮನೆಯಲ್ಲೇ ಬಳಸಲು ತಾಯಿತಂದೆ ಕಲಿಯಬಹುದು, ಕಲಿಯುತ್ತಾರೆ. ಮಗು ರಾತ್ರಿ ನಿದ್ದೆಯಲ್ಲಿ ಚಡಪಡಿಸಿದರೆ, ಬೆವರಿದರೆ, ಬೆಳಗ್ಗೆ ತಲೆನೋವು ಎಂದರೆ ಬೈಪ್ಯಾಪ್ ಬೇಕಾಗಿದೆ ಎಂಬ ಸೂಚನೆ ಇರಬಹುದು. ತುರ್ತು ಚಿಕಿತ್ಸೆಗೆ ಹೋದಾಗ ವೈದ್ಯರಿಗೆ ತಪ್ಪದೆ ಹೇಳಬೇಕಾದ್ದು ಒಂದಿದೆ: ಇದು ಎಸ್‌ಎಂಎ, ಉಸಿರಾಟದ ಸ್ನಾಯುವೇ ದುರ್ಬಲ. ಉಸಿರಿಗೆ ಯಂತ್ರದ ನೆರವಿಲ್ಲದೆ ಬರೀ ಆಮ್ಲಜನಕ ಕೊಟ್ಟರೆ ಮೀಟರಿನ ಅಂಕಿ ಸರಿಯಾಗಿ ಕಂಡರೂ ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋಗಬಹುದು. ಈ ಮಾಹಿತಿ ಇರುವ ಒಂದು ಹಾಳೆಯನ್ನು ಮಗುವಿನ ಚೀಲದಲ್ಲಿ ಸದಾ ಇಟ್ಟಿರುವುದು ಒಳ್ಳೆಯದು. ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆಗಳನ್ನು ಬಿಡಬಾರದು. ಜೀನ್ ಚಿಕಿತ್ಸೆಯ ಸ್ಟೆರಾಯ್ಡ್ ನಡೆಯುತ್ತಿದ್ದರೆ ಮಾತ್ರ ಲಸಿಕೆಯ ದಿನಾಂಕಗಳನ್ನು ವೈದ್ಯರು ಬದಲಿಸುತ್ತಾರೆ.

ಆಮೇಲೆ ಊಟ. ನುಂಗುವ ಸ್ನಾಯು ಸೋತ ಮಗುವಿಗೆ ನೀರು, ಹಾಲಿನಂಥ ತೆಳ್ಳಗಿನವು ಉಸಿರುನಾಳಕ್ಕೆ ಇಳಿಯುವ ಅಪಾಯ ಇರುತ್ತದೆ. ರಾಗಿ ಸರಿಯಷ್ಟು ಮಂದವಾದದ್ದು ಕೆಲವು ಮಕ್ಕಳಿಗೆ ಸುಲಭ. ಯಾವ ಮಗುವಿಗೆ ಯಾವುದು ಎಂಬುದನ್ನು ನುಂಗುವಿಕೆ ಪರೀಕ್ಷಿಸುವ ತಜ್ಞರು ಹೇಳಬೇಕು. ಪ್ರತಿ ಊಟಕ್ಕೂ ಮಗು ಕೆಮ್ಮಿ ದಣಿಯುತ್ತಿದ್ದರೆ ಮೂಗಿನ ಅಥವಾ ಹೊಟ್ಟೆಯ ಕೊಳವೆ ಬೇಕಾಗಬಹುದು. ಕೊಳವೆ ಎಂದರೆ ಎಲ್ಲ ಮುಗಿಯಿತು ಎಂದು ಅನೇಕ ತಾಯಂದಿರು ಕುಸಿದುಹೋಗುತ್ತಾರೆ. ತೂಕ ಏರಿ, ಎದೆಯ ಸೋಂಕು ಕಡಿಮೆಯಾಗಿ, ಊಟದ ಹೊತ್ತಿನ ಯುದ್ಧ ನಿಂತ ಮೇಲೆ ಅದೇ ಕೊಳವೆ ನೆಮ್ಮದಿ ತರುವುದುಂಟು. ಹುಷಾರಿಲ್ಲದಾಗ ಹೆಚ್ಚು ಹೊತ್ತು ಖಾಲಿ ಹೊಟ್ಟೆಯಲ್ಲಿ ಬಿಡಬಾರದು. ಇಂಥ ಮಕ್ಕಳ ದೇಹದಲ್ಲಿ ಸ್ನಾಯುವಿನ ದಾಸ್ತಾನು ಕಡಿಮೆ.

ಇನ್ನು ಕೀಲು ಮತ್ತು ಬೆನ್ನು. ಅಲ್ಲಾಡದ ಕೀಲು ಬಿಗಿದುಕೊಳ್ಳುತ್ತದೆ, ಹಿಡಿದು ನಿಲ್ಲಿಸುವ ಸ್ನಾಯುವಿಲ್ಲದ ಬೆನ್ನುಮೂಳೆ ಓರೆಯಾಗುತ್ತದೆ. ದಿನವೂ ಕೀಲುಗಳನ್ನು ಮೆಲ್ಲಗೆ ಹಿಗ್ಗಿಸುವುದು, ಕಾಲಿಗೆ ಪಟ್ಟಿ, ಆಸರೆಯ ಚೌಕಟ್ಟಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸುವುದು, ಸರಿಯಾದ ಅಳತೆಯ ಕುರ್ಚಿ, ಬೇಕಾದರೆ ಬೆನ್ನಿಗೆ ಶಸ್ತ್ರಚಿಕಿತ್ಸೆ. ಫಿಸಿಯೋಥೆರಪಿಯಿಂದ ಕಾಯಿಲೆ ಗುಣವಾಗುತ್ತದೆ ಎಂದು ಯಾರಾದರೂ ಪ್ಯಾಕೇಜ್ ಮಾರಿದರೆ ನಂಬಬೇಡಿ. ಫಿಸಿಯೋಥೆರಪಿ ಬೇಡ ಎಂದರೂ ನಂಬಬೇಡಿ.

ಇಷ್ಟೆಲ್ಲ ಮಾಡುವವರು ಯಾರು? ಬಹುತೇಕ ತಾಯಿ, ಕೆಲಸ ಬಿಟ್ಟು. ರಾತ್ರಿ ಪ್ರತಿ ಎರಡು ಗಂಟೆಗೊಮ್ಮೆ ಎದ್ದು ಮಗುವಿನ ಮಗ್ಗುಲು ಬದಲಿಸುವವಳಿಗೆ ವಾರಕ್ಕೊಂದು ರಾತ್ರಿಯಾದರೂ ಪೂರ್ತಿ ನಿದ್ದೆ ಸಿಗಬೇಕು. ತಂದೆ, ಅತ್ತೆ, ಚಿಕ್ಕಪ್ಪ, ಯಾರಾದರೂ ಸಕ್ಷನ್ ಯಂತ್ರ ಬಳಸಲು ಕಲಿತರೆ ಅದು ಸಾಂತ್ವನದ ಹತ್ತು ಮಾತಿಗಿಂತ ದೊಡ್ಡ ಉಪಕಾರ. ಇದೇ ದಾರಿಯಲ್ಲಿ ನಡೆದ ತಂದೆತಾಯಿಯರು ಕಟ್ಟಿಕೊಂಡ ಕ್ಯೂರ್ ಎಸ್‌ಎಂಎ ಫೌಂಡೇಶನ್ ಆಫ್ ಇಂಡಿಯಾ ಇದೆ, ಎಲ್ಲ ಅಪರೂಪದ ಕಾಯಿಲೆಗಳಿಗಾಗಿ ಬೆಂಗಳೂರಿನಲ್ಲಿ ಆರ್ಗನೈಸೇಶನ್ ಫಾರ್ ರೇರ್ ಡಿಸೀಸಸ್ ಇಂಡಿಯಾ ಇದೆ. ಯಾವ ಗಾಲಿಕುರ್ಚಿ ಕೊಳ್ಳುವುದು, ಯಾವ ಅರ್ಜಿಗೆ ಯಾವ ದಾಖಲೆ ಎಂಬಂಥ ಪ್ರಶ್ನೆಗಳಿಗೆ ಇಲ್ಲಿ ಸಿಗುವ ಉತ್ತರ ಬೇರೆಲ್ಲೂ ಸಿಗದು.

ಎಲ್ಲ ಮಕ್ಕಳಿಗೂ ಔಷಧ ಸಮಯಕ್ಕೆ ಸಿಕ್ಕಿಲ್ಲ, ಇನ್ನು ಮುಂದೆಯೂ ಕೆಲವರಿಗೆ ಸಿಗದೆ ಹೋಗಬಹುದು. ಅಂಥ ಮಗುವಿಗೆ ಉಪಶಾಮಕ ಆರೈಕೆ ಇದೆ: ನೋವು, ಉಸಿರುಗಟ್ಟುವಿಕೆ, ಭಯ ಇಲ್ಲದಂತೆ ನೋಡಿಕೊಳ್ಳುವುದು, ಯಾವ ಯಂತ್ರ ಬೇಕು ಯಾವುದು ಬೇಡ ಎಂದು ತುರ್ತು ಬರುವ ಮೊದಲೇ ಮನೆಯವರೊಂದಿಗೆ ಮಾತಾಡುವುದು. ಇದು ಕೈಬಿಡುವುದಲ್ಲ. ಔಷಧ ಪಡೆಯುತ್ತಿರುವ ಮಗುವಿಗೂ ಇದರ ಪಾಲು ಬೇಕು.

## ಶಾಲೆ

ಬುದ್ಧಿ ಪೂರ್ಣವಾಗಿರುವ ಮಗುವಿಗೆ ಶಾಲೆ ತಪ್ಪಿದರೆ ಆ ನಷ್ಟ ಕಾಯಿಲೆಯಿಂದಾದದ್ದಲ್ಲ, ಮೆಟ್ಟಿಲುಗಳಿಂದಾದದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇಕಡಾ 40 ಅಥವಾ ಹೆಚ್ಚಿನ ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಅಥವಾ ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕಿದೆ. ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ ಮಾಡಿಸಿಕೊಂಡರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಕೇಳುವುದು ಸುಲಭವಾಗುತ್ತದೆ. ಮುಖ್ಯೋಪಾಧ್ಯಾಯರನ್ನು ಕೇಳಬೇಕಾದ್ದು ಹೆಚ್ಚೇನಿಲ್ಲ: ಮಗುವಿನ ತರಗತಿ ನೆಲಮಹಡಿಯಲ್ಲಿರಲಿ, ಬಾಗಿಲಿಗೊಂದು ಇಳಿಜಾರು ಹಲಗೆ ಇರಲಿ, ಶೌಚಾಲಯಕ್ಕೆ ಕುರ್ಚಿ ಹೋಗುವಂತಿರಲಿ, ತರಗತಿಯಲ್ಲಿ ನೆಗಡಿ ಹಬ್ಬಿದಾಗ ಮುಂಚಿತವಾಗಿ ತಿಳಿಸಲಿ. ಗಾಲಿಕುರ್ಚಿ ಕೊಟ್ಟರೆ ಮಗು ಸೋಮಾರಿಯಾಗುತ್ತದೆ ಎಂಬುದು ಸುಳ್ಳು. ತಾನಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಸಾಧ್ಯವಾದ ಮಗು ಜಗಳವಾಡುತ್ತದೆ, ಗೆಳೆಯರನ್ನು ಅಟ್ಟಿಸಿಕೊಂಡು ಹೋಗುತ್ತದೆ, ಬೈಸಿಕೊಳ್ಳುತ್ತದೆ.

## ಇನ್ನೊಂದು ಮಗು ಬೇಕೆನಿಸಿದರೆ

ತಂದೆತಾಯಿ ವಾಹಕರೇ ಎಂಬುದನ್ನು ರಕ್ತಪರೀಕ್ಷೆ ಹೇಳುತ್ತದೆ. ಚಿಕ್ಕಪ್ಪ, ಸೋದರತ್ತೆ, ಚಿಕ್ಕಮ್ಮ, ಸೋದರಮಾವ ಮದುವೆಗೆ ಅಥವಾ ಮಗುವಿಗೆ ಯೋಚಿಸುತ್ತಿದ್ದರೆ ಅವರೂ ಮಾಡಿಸಿಕೊಳ್ಳಬಹುದು. ಮುಂದಿನ ಗರ್ಭದಲ್ಲಿ 11ರಿಂದ 13 ವಾರದೊಳಗೆ ಮಾಸಿನ ಅತಿ ಸಣ್ಣ ತುಣುಕು ತೆಗೆದು, ಅಥವಾ 16 ವಾರದ ನಂತರ ಗರ್ಭಜಲ ತೆಗೆದು ಮಗುವಿಗೆ ಕಾಯಿಲೆ ಇದೆಯೇ ಎಂದು ನೋಡಬಹುದು. ಐವಿಎಫ್ ಮಾಡಿಸಿಕೊಳ್ಳುವವರು ಭ್ರೂಣವನ್ನು ಗರ್ಭಕ್ಕೆ ಸೇರಿಸುವ ಮೊದಲೇ ಪರೀಕ್ಷಿಸಬಹುದು. ಫಲಿತಾಂಶ ತಿಳಿದ ಮೇಲೆ ಏನು ಮಾಡುವುದು ಎಂಬುದು ಆ ದಂಪತಿಗಳ ತೀರ್ಮಾನ. ಅತ್ತೆಮಾವಂದಿರದೂ ಅಲ್ಲ, ವೈದ್ಯರದೂ ಅಲ್ಲ. ಕಾಯಿಲೆ ಇದೆ ಎಂದು ತಿಳಿದೂ ಗರ್ಭ ಮುಂದುವರಿಸಿದರೆ, ಹುಟ್ಟಿದ ಮೊದಲ ವಾರಗಳಲ್ಲೇ ಔಷಧ ಆರಂಭಿಸುವ ಸಿದ್ಧತೆ ಮಾಡಿಕೊಳ್ಳಲು ತಿಂಗಳುಗಳ ಸಮಯ ಸಿಗುತ್ತದೆ. ಮೊದಲ ಮಗುವಿಗೆ ಸಿಗದೇಹೋದ ಸಮಯ ಅದು.

ಈ ಸಲಹೆಗೆ ಹೋಗುವಾಗ ಮೊದಲ ಮಗುವಿನ ಜೀನ್ ಪರೀಕ್ಷೆಯ ವರದಿ ಜೊತೆಗಿರಬೇಕು. ಮಗು ತೀರಿಕೊಂಡಿದ್ದರೂ ಆ ವರದಿಯನ್ನು ಜೋಪಾನವಾಗಿ ಇಟ್ಟಿರಬೇಕು. ಅದನ್ನು ಹಿಡಿದು ಗರ್ಭ ನಿಲ್ಲುವ ಮೊದಲೇ ತಜ್ಞರನ್ನು ಕಂಡರೆ ಎಲ್ಲಕ್ಕಿಂತ ಒಳ್ಳೆಯದು. ಆಗಲೇ ಗರ್ಭಿಣಿಯಾಗಿದ್ದರೆ, ಎಂಟು ವಾರದೊಳಗೆ ಹೋದರೆ ಪರೀಕ್ಷೆಯ ದಿನಾಂಕ ಗೊತ್ತುಮಾಡಲು ಸಾಕಷ್ಟು ಬಿಡುವು ಇರುತ್ತದೆ.